ಜಬಾನಿಯಿಂದ ಕಾದಂಬರಿಗೆ: ಹೈದರಾಬಾದು ಸಂಸ್ಥಾನದ ದಫ್ತರ ಮತ್ತು ದಾಖಲೆಯ ರೂಪದ ಕಥನ

ಕಾಗದ, ದಿನಚರಿ, ನ್ಯಾಯಾಲಯದ ಹೇಳಿಕೆ, ಅಕಸ್ಮಾತ್ತಾಗಿ ದೊರೆತ ಹಸ್ತಪ್ರತಿ ಮುಂತಾದವುಗಳ ಮೂಲಕವೇ ಕಥೆಯನ್ನು ನಡೆಸುವ ಕ್ರಮವನ್ನು ಕುರಿತು ಬರೆಯುವವರು ವಾಡಿಕೆಯಾಗಿ 1740ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ರಿಚರ್ಡ್‌ಸನ್ನನ 'ಪಮೆಲಾ'ದಿಂದ ಹೊರಡುತ್ತಾರೆ. ಮನೆಯೊಳಗಿನ ಖಾಸಗಿ ಪತ್ರ, ಅದನ್ನು ಬರೆಯುವ ಹೆಣ್ಣಿನ ಅಂತರಂಗ, ಪರರ ಕಾಗದವನ್ನು ಓದುವ ಓದುಗನ ಸಂಕೋಚ ಹಾಗೂ ಕುತೂಹಲ, ಇವು ಆ ಪರಂಪರೆಯ ಮುಖ್ಯ ಲಕ್ಷಣಗಳು. ಯುರೋಪಿನ ಮಟ್ಟಿಗೆ ಈ ವಂಶಾವಳಿಯನ್ನು ಒಪ್ಪಬಹುದು. ಆದರೆ ಕನ್ನಡ ನಾಡಿನ ನೆಲಕ್ಕೂ ಈ ಕಥನಕ್ರಮಕ್ಕೂ ಇರುವ ನಂಟನ್ನು ಹುಡುಕಹೊರಟರೆ ನಾವು ತಲುಪುವುದು ಮನೆಯ ಕಾಗದವನ್ನಲ್ಲ, ಕಚೇರಿಯ ಕಾಗದವನ್ನು. ಅಲ್ಲಿ ಬರೆಯುವವನು ಒಬ್ಬ, ಹೇಳುವವನು ಇನ್ನೊಬ್ಬ. ಹೇಳುವವನ ನುಡಿ ಒಂದು, ಬರೆಹದ ನುಡಿ ಮತ್ತೊಂದು. ಈ ಬಿರುಕಿನಿಂದ ಹುಟ್ಟಿದ ಒಂದು ಮಹತ್ವದ ಕೃತಿಯನ್ನೂ ಅದರ ಹಿಂದುಮುಂದಿನ ಕೆಲವು ಸಂಗತಿಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕೃತಿ ಫಿಲಿಪ್ ಮೆಡೋಸ್ ಟೇಲರನ 'ಕನ್ಫೆಶನ್ಸ್ ಆಫ್ ಎ ಥಗ್' (1839). ಅದು ಇಂಗ್ಲಿಷಿನಲ್ಲಿದೆ, ಲಂಡನ್ನಿನಲ್ಲಿ ಅಚ್ಚಾಗಿದೆ. ಆದರೆ ಅದರ ಕಚ್ಚಾಸಾಮಗ್ರಿ ಸಂಗ್ರಹವಾದದ್ದು ನಿಜಾಮನ ರಾಜ್ಯದಲ್ಲಿ. ಅದರ ಕರ್ತೃ ಮುಂದೆ ಹತ್ತು ವರ್ಷಕ್ಕೂ ಮಿಕ್ಕಿ ಸುರಪುರವೆಂಬ ಕನ್ನಡ ಸಂಸ್ಥಾನದ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದವನು.

ಈ ವಿಚಾರವನ್ನು ಹೈದರಾಬಾದಿನ ಕಾಚಿಗೂಡದ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ಇಂದು ಕಾಚಿಗೂಡವೆಂದರೆ ಹೈದರಾಬಾದಿನ ಕನ್ನಡಿಗರಿಗೆ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರಿನ ವಿದ್ಯಾಸಂಸ್ಥೆಯೂ ಇರುವ ಬಡಾವಣೆ. ಹೊರಗಿನವರಿಗೆ 1916ರಲ್ಲಿ ನಿಜಾಮನ ರೈಲ್ವೆಗಾಗಿ ಕಟ್ಟಿದ ಕಮಾನು ಗುಮ್ಮಟಗಳ ನಿಲ್ದಾಣ. ಅದರ ಪಕ್ಕದ ಕೋಠಿಯಲ್ಲಿ, ಹಳೆಯವರು ಚಾದರಘಾಟವೆಂದು ಕರೆಯುತ್ತಿದ್ದ ಪ್ರದೇಶದಲ್ಲಿ, ಬ್ರಿಟಿಷ್ ರೆಸಿಡೆನ್ಸಿಯ ಭವನವಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಈ ಭವನದಲ್ಲಿ 1949ರಿಂದ ಮಹಿಳಾ ಕಾಲೇಜು ನಡೆಯಿತು. ಅದೀಗ ಮಹಿಳಾ ವಿಶ್ವವಿದ್ಯಾಲಯವಾಗಿದೆ. ಬೀದರ, ಗುಲಬರ್ಗಾ, ರಾಯಚೂರು, ಸುರಪುರಗಳ ಅರ್ಜಿ, ತಕರಾರು, ವರದಿಗಳು ಇಂಗ್ಲಿಷಿನ ರೂಪ ತಳೆದು ಕಲ್ಕತ್ತೆಯ ದಾರಿ ಹಿಡಿಯುತ್ತಿದ್ದುದು ಇಲ್ಲಿಂದ. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಒಡೆದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಜನ ಅತ್ತ ಸೇರಿದರು, ದಫ್ತರದ ಬಹುಭಾಗ ಇತ್ತಲೇ ಉಳಿಯಿತು. ಇಂದಿಗೂ ನಿಜಾಮನ ಕಾಲದ ತನ್ನ ಜಿಲ್ಲೆಯ ಚರಿತ್ರೆಯನ್ನು ಬರೆಯಬಯಸುವ ಕನ್ನಡ ಸಂಶೋಧಕನು ಕಾಚಿಗೂಡದಲ್ಲಿ ರೈಲಿನಿಂದ ಇಳಿದು ತಾರ್ನಾಕದ ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿ ಅವನ ಕೈಗೆ ಬರುವ ಕಾಗದಗಳು ಹೆಚ್ಚಾಗಿ ಫಾರಸಿ ಮತ್ತು ಉರ್ದು ಭಾಷೆಗಳವು. ತನ್ನವರು ಕನ್ನಡದಲ್ಲಿ ಆಡಿದ ಮಾತನ್ನು ಬೇರೆ ಭಾಷೆಯ ಲಿಪಿಕಾರನಿಂದ ಕೇಳಿಸಿಕೊಳ್ಳುವ ಈ ಸ್ಥಿತಿ ಟೇಲರನ ಕಾದಂಬರಿಯ ಮೂಲದಲ್ಲಿಯೂ ಇದೆ.

ಕಚೇರಿಯ ಬರೆಹಕ್ಕೆ ಸಂಬಂಧಿಸಿದ ನಮ್ಮ ಶಬ್ದಗಳನ್ನೇ ಗಮನಿಸಬಹುದು. ಅರ್ಜಿ, ಫಿರ್ಯಾದಿ, ಜಬಾನಿ, ಕೈಫಿಯತ್ತು, ಮುಚ್ಚಳಿಕೆ, ಕರಾರು, ರುಜು, ಮೊಹರು ಇವುಗಳಲ್ಲಿ ಬಹುಪಾಲು ಫಾರಸಿ ಆಡಳಿತದ ಮೂಲಕ ಬಂದವು. 'ಜಬಾನಿ'ಯ ಮೂಲದಲ್ಲಿರುವುದು ನಾಲಗೆ ಎಂಬ ಅರ್ಥದ ಶಬ್ದ. ಕನ್ನಡದಲ್ಲಿ ಅದು ಬರೆದುಕೊಂಡ ಹೇಳಿಕೆಯಾಯಿತು. ನಾಲಗೆಯ ಮೇಲಿನದು ಕಾಗದಕ್ಕೆ ಇಳಿಯುವ ದಾರಿಯಲ್ಲಿ ಎಷ್ಟು ಕೈಗಳು ದಾಟುತ್ತಿದ್ದವು ಎಂಬುದನ್ನು ಊಹಿಸುವುದು ಕಷ್ಟವಲ್ಲ. ರೈತನು ಕನ್ನಡದಲ್ಲಿ ಹೇಳಿದ್ದನ್ನು ಕುಲಕರ್ಣಿ ತನ್ನ ಲಿಪಿಯಲ್ಲಿ, ಹಲವೆಡೆ ಮೋಡಿಯಲ್ಲಿ, ಬರೆದುಕೊಳ್ಳುವನು. ಮೇಲಿನ ಕಚೇರಿಯಲ್ಲಿ ಮುನ್ಷಿ ಅದರ ಸಾರವನ್ನು ಫಾರಸಿಯಲ್ಲಿ ಇಳಿಸುವನು. ರೆಸಿಡೆನ್ಸಿಯವರೆಗೆ ಹೋದರೆ ಅದು ಇಂಗ್ಲಿಷಾಗುವುದು. ಹೈದರಾಬಾದಿನಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದದ್ದು ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ. ಕರ್ನಲ್ ಕಾಲಿನ್ ಮೆಕೆಂಜಿ ಸಂಗ್ರಹಿಸಿದ, 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಡಾ. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹೊರಬಂದ ಕೈಫಿಯತ್ತುಗಳನ್ನು ಓದಿದವರಿಗೆ ಇಂಥ ಬರೆಹದ ಇಬ್ಬಗೆ ಗೊತ್ತಿದೆ. ಅಲ್ಲಿ ಊರಿನವರ ಪುರಾಣವೂ ಇದೆ, ಸರ್ಕಾರ ಏನನ್ನು ಕೇಳಬಯಸುತ್ತದೆ ಎಂಬ ಊಹೆಯೂ ಇದೆ. ಕೇಳುವವನ ಅಧಿಕಾರ ಹೇಳುವವನ ಕಥೆಯನ್ನು ತಿದ್ದುತ್ತದೆ.

ಠಕ್ಕರ ತಪ್ಪೊಪ್ಪಿಗೆಗಳ ಚರಿತ್ರೆ ಕನ್ನಡ ನಾಡಿನ ಸಮೀಪದಿಂದಲೇ ಆರಂಭವಾಗುತ್ತದೆ ಎಂಬ ಸಂಗತಿ ಹೊರನಾಡಿನ ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಸ್ಲೀಮನ್ನನ ಹೆಸರಿನೊಂದಿಗೆ ನರ್ಮದೆಯ ಆಚೆಯ ಪ್ರದೇಶ ಪ್ರಸಿದ್ಧವಾಯಿತು. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲದಲ್ಲಿಯೇ ಮೈಸೂರು ಸೀಮೆಯಲ್ಲಿ ಸುಮಾರು ನೂರು ಮಂದಿ ಫಾಂಸಿಗಾರರನ್ನು ಹಿಡಿದ ವಿವರ ಕಂಪನಿಯ ಬರೆಹಗಳಲ್ಲಿದೆ. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಬರೆದ ಪ್ರಬಂಧವು ದಕ್ಷಿಣದ ಈ ಕೊಲೆಗಾರರನ್ನು ಕುರಿತದ್ದು. 1820ರಲ್ಲಿ ಅದು 'ಏಷ್ಯಾಟಿಕ್ ರಿಸರ್ಚಸ್' ಸಂಪುಟದಲ್ಲಿ ಮರುಮುದ್ರಣಗೊಂಡಿತು. ಅದರಲ್ಲಿ ಕನ್ನಡದ ಒಂದು ಹೆಸರು ಉಳಿದುಬಂದಿದೆ: 'ತಂತಿ ಕಳ್ಳರು'. ತಂತಿಯ ಅಥವಾ ನರದ ಉರುಲನ್ನು ಬಳಸುವ ಕಳ್ಳರು ಎಂದು ಅವನ ವಿವರಣೆ. ಕನ್ನಡದ 'ಠಕ್ಕ' ಎಂಬ ಶಬ್ದಕ್ಕೆ ವಂಚಕನೆಂದಷ್ಟೇ ಅರ್ಥ, ಕೊರಳು ಬಿಗಿಯುವವನೆಂದಲ್ಲ. ಜನರು ತಾವು ಕಂಡದ್ದಕ್ಕೆ ಕೊಟ್ಟ ಹೆಸರು ಬೇರೆ, ಸರ್ಕಾರವು ಒಂದು ಇಲಾಖೆಯನ್ನು ಕಟ್ಟಿ ಅದಕ್ಕೆ ಇಟ್ಟ ಹೆಸರು ಬೇರೆ. ಇಲಾಖೆಯ ಹೆಸರು ಗೆದ್ದಿತು, 'ತಂತಿ ಕಳ್ಳರು' ಅಡಿಟಿಪ್ಪಣಿಗೆ ಸರಿಯಿತು.

ಇನ್ನು ಟೇಲರನ ವಿಷಯ. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಅವನು ಹದಿನೈದರ ಹರೆಯದಲ್ಲಿ ಮುಂಬಯಿಯ ಒಬ್ಬ ವರ್ತಕನ ಬಳಿ ಕೆಲಸಕ್ಕೆಂದು ಬಂದು, 1824ರಲ್ಲಿ ನಿಜಾಮನ ಸೈನ್ಯವನ್ನು ಸೇರಿದನು. ಕಂಪನಿಯ ನೌಕರನಲ್ಲ, ನಿಜಾಮನ ನೌಕರ ಎಂಬ ಈ ವ್ಯತ್ಯಾಸ ಅವನ ಬದುಕಿನುದ್ದಕ್ಕೂ ಅವನನ್ನು ಎರಡನೆಯ ಸಾಲಿನಲ್ಲಿ ಇರಿಸಿತು. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳನ್ನು ಅವನು ಮದುವೆಯಾದದ್ದೂ, ತನ್ನ ಹಿಂದೂಸ್ತಾನಿಯ ಬಗ್ಗೆ ಅವನಿಗಿದ್ದ ಅಭಿಮಾನವೂ ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಯೌವನದಲ್ಲಿ ರಾಜ್ಯದ ನೈಋತ್ಯ ಭಾಗದಲ್ಲಿ ಪೊಲೀಸು ಅಧಿಕಾರಿಯಾಗಿದ್ದಾಗ ದಾರಿಗಳ ಮೇಲೆ ನಡೆಯುತ್ತಿದ್ದ ಕೊಲೆಗಳ ಸುಳಿವು ಅವನಿಗೆ ಸಿಕ್ಕಿತ್ತು. ಆದರೆ ಅವನನ್ನು ದಂಡಿಗೆ ಹಿಂದಕ್ಕೆ ಕರೆಸಿಕೊಂಡುದರಿಂದ ತನಿಖೆ ನಿಂತುಹೋಯಿತು. ಇಲ್ಲವಾದರೆ ಸ್ಲೀಮನ್ನನಿಗೆ ಸಂದ ಕೀರ್ತಿ ತನಗೆ ಸಲ್ಲುತ್ತಿತ್ತೆಂಬ ಕೊರಗು ಅವನ ಆತ್ಮಕಥೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1830ರ ದಶಕದ ಆದಿಯಲ್ಲಿ ಸಾಗರದ ಕಡೆಯಿಂದ ಮಾಫಿ ಸಾಕ್ಷಿಗಳನ್ನು ನಿಜಾಮನ ರಾಜ್ಯಕ್ಕೆ ಕಳುಹಿಸಿದಾಗ ಅವರ ಹೇಳಿಕೆಗಳನ್ನು ದಿನದಿನವೂ ಬರೆದುಕೊಂಡವರಲ್ಲಿ ಟೇಲರನೂ ಒಬ್ಬ. 1833ರಲ್ಲಿ ಈ ವಿಷಯದ ಮೇಲಿನ ಅವನ ಲೇಖನವೊಂದು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದನ್ನು ಕಾದಂಬರಿಯಾಗಿ ಬರೆಯಬೇಕೆಂದು ಸೂಚಿಸಿದವನು ಕಾದಂಬರಿಕಾರ ಬುಲ್ವರ್ ಲಿಟನ್. ರಜೆಯ ಮೇಲೆ ಟೇಲರನು ಸ್ವದೇಶಕ್ಕೆ ಹೋಗಿದ್ದಾಗ, 1839ರಲ್ಲಿ, ರಿಚರ್ಡ್ ಬೆಂಟ್ಲಿಯು ಅದನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದನು.

ಕಾದಂಬರಿಯ ಚೌಕಟ್ಟು ಸರಳವಾಗಿದೆ. ಸೆರೆಮನೆಯಲ್ಲಿರುವ ಅಮೀರ್ ಅಲಿ ಎಂಬ ಠಕ್ಕನು 'ಸಾಹೇಬ'ನೊಬ್ಬನ ಎದುರು ತನ್ನ ಬದುಕನ್ನು ನಿವೇದಿಸುತ್ತಾನೆ. ಸಾಹೇಬನು ಹೆಚ್ಚು ಮಾತನಾಡುವುದಿಲ್ಲ. ನಡುನಡುವೆ ಕೇಳುತ್ತಾನೆ, ಬೆರಗಾಗುತ್ತಾನೆ, ಒಮ್ಮೆ ಕಥೆಯನ್ನು ನಿಲ್ಲಿಸಿ ಕೈದಿಯ ಉಡುಪು, ಮುಖಭಾವಗಳನ್ನು ವರ್ಣಿಸುತ್ತಾನೆ. ಪೀಠಿಕೆಯಲ್ಲಿ ಟೇಲರನು ಈ ವ್ಯಕ್ತಿಯನ್ನು ತಾನು 1832ರಲ್ಲಿ ಕಂಡೆನೆಂದೂ, 719 ಕೊಲೆಗಳಲ್ಲಿ ತಾನು ಭಾಗಿಯಾಗಿದ್ದೆನೆಂದು ಅವನು ಒಪ್ಪಿಕೊಂಡನೆಂದೂ ತಿಳಿಸುತ್ತಾನೆ. ಕಥೆಯು ಬಹುಮಟ್ಟಿಗೆ ಸತ್ಯವೆಂದೂ ಘಟನೆಗಳನ್ನು ಜೋಡಿಸುವುದಕ್ಕೆ ಬೇಕಾದಷ್ಟೇ ಕಲ್ಪನೆಯನ್ನು ಸೇರಿಸಿದೆಯೆಂದೂ ಅಲ್ಲಿಯೇ ಹೇಳಿಕೆಯಿದೆ. ಜೊತೆಗೆ 1831ರಿಂದ 1837ರವರೆಗೆ ಶಿಕ್ಷೆಗೊಳಗಾದ ಠಕ್ಕರ ಸಂಖ್ಯೆಗಳ ಪಟ್ಟಿಯೂ ಇದೆ. ಕಾದಂಬರಿಯ ಬಾಗಿಲಲ್ಲಿಯೇ ಸರ್ಕಾರಿ ಅಂಕಿ ಅಂಶಗಳನ್ನು ನಿಲ್ಲಿಸುವ ಈ ಕ್ರಮ ಓದುಗನ ಸಂಶಯವನ್ನು ಒಳಗೆ ಕಾಲಿಡುವ ಮುನ್ನವೇ ಕಟ್ಟಿಹಾಕುತ್ತದೆ.

ಆದರೆ ನಿಜವಾದ ಜಬಾನಿಗೂ ಅಮೀರ್ ಅಲಿಯ ನಿವೇದನೆಗೂ ಇರುವ ಅಂತರವನ್ನು ಅಳೆಯುವುದಕ್ಕೆ ನಮ್ಮಲ್ಲಿ ಸಾಧನವಿದೆ. 1836ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿತವಾದ ಸ್ಲೀಮನ್ನನ 'ರಾಮಸೀಯಾನಾ'ದಲ್ಲಿ ಠಕ್ಕರೊಂದಿಗಿನ ಸಂಭಾಷಣೆಗಳು ಪ್ರಶ್ನೋತ್ತರದ ರೂಪದಲ್ಲಿವೆ. ಅಲ್ಲಿ ಪ್ರಶ್ನೆ ಮೊದಲು, ಉತ್ತರ ಆಮೇಲೆ. ಉತ್ತರದ ಅಳತೆಯನ್ನು ಪ್ರಶ್ನೆಯೇ ಗೊತ್ತುಮಾಡುತ್ತದೆ. ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ಅಲ್ಲಗಳೆಯುವುದೂ ಉಂಟು. ಟೇಲರನು ಮಾಡಿದ್ದು ಪ್ರಶ್ನೆಗಳನ್ನು ಅಳಿಸಿಹಾಕುವ ಕೆಲಸ. ಪ್ರಶ್ನೆ ಮರೆಯಾದೊಡನೆ ತುಂಡುತುಂಡಾದ ಉತ್ತರಗಳು ಕೂಡಿಕೊಂಡು ಒಂದು ಜೀವನಚರಿತ್ರೆಯಾಗುತ್ತವೆ, ಒತ್ತಾಯದಿಂದ ಬಂದ ಮಾತು ಮನಸಾರೆ ಹೇಳಿದ ಮಾತಿನಂತೆ ಕೇಳಿಸುತ್ತದೆ. ಅಂದಿನ ಕಾನೂನನ್ನು ಇಲ್ಲಿ ನೆನೆಯಬೇಕು. 1836ರ 30ನೆಯ ಕಾಯಿದೆಯ ಪ್ರಕಾರ ಠಕ್ಕರ ಗುಂಪಿಗೆ ಸೇರಿದವನೆಂಬುದು ಸಾಬೀತಾದರೆ ಸಾಕು, ನಿರ್ದಿಷ್ಟ ಕೊಲೆಯೊಂದು ಸಿದ್ಧವಾಗದೆಯೂ ಜೀವಾವಧಿ ಸೆರೆ ವಿಧಿಸಬಹುದಾಗಿತ್ತು. ಮಾಫಿ ಸಾಕ್ಷಿಯಾದವನಿಗೆ ಪ್ರಾಣ ಉಳಿಯುತ್ತಿತ್ತು, ಆದರೆ ಅವನು ಹೇಳುತ್ತಲೇ ಇರಬೇಕಿತ್ತು. ಕಥೆ ನಿಂತರೆ ಕೊರಳಿಗೆ ಕುತ್ತು ಎಂಬ ಅರೇಬಿಯನ್ ಇರುಳುಗಳ ಸನ್ನಿವೇಶವು ಇಲ್ಲಿ ಅಲಂಕಾರವಲ್ಲ, ಆಡಳಿತದ ಪದ್ಧತಿ. ರಾಧಿಕಾ ಸಿಂಘ (1998), ಕಿಮ್ ವ್ಯಾಗ್ನರ್ (2007) ಮುಂತಾದವರ ಅಧ್ಯಯನಗಳು ಬಂದ ಮೇಲೆ ಠಕ್ಕರ ಹೇಳಿಕೆಗಳನ್ನು ಇದ್ದಂತೆಯೇ ಸ್ವೀಕರಿಸುವುದು ಯಾರಿಗೂ ಸಾಧ್ಯವಿಲ್ಲ. ಹಾಗೆಂದು ಅವೆಲ್ಲವೂ ಬರಿಯ ಬ್ರಿಟಿಷ್ ಕಲ್ಪನೆ ಎನ್ನುವ ಇನ್ನೊಂದು ತುದಿಗೆ ಹೋಗುವುದೂ ಸರಿಯಲ್ಲ. ದಾರಿಯಲ್ಲಿ ಹೆಣಗಳಂತೂ ಬಿದ್ದಿದ್ದವು.

ಕಲ್ಪನೆಯು ದಾಖಲೆಯನ್ನು ಮೀರುವ ಸ್ಥಳವನ್ನು ಕಾದಂಬರಿಯಲ್ಲಿಯೇ ತೋರಿಸಬಹುದು. ಅಮೀರ್ ಅಲಿಯ ಹೆತ್ತವರನ್ನು ಕೊಂದ ಇಸ್ಮಾಯಿಲನೇ ಅವನನ್ನು ಸಾಕಿದವನು. ಮುಂದೆ ಅಮೀರ್ ಅಲಿ ತಿಳಿಯದೆ ತನ್ನ ಒಡಹುಟ್ಟಿದವಳನ್ನೇ ಕೊಲ್ಲುತ್ತಾನೆ. ಅವಳ ಕೊರಳಲ್ಲಿದ್ದ ಹಳೆಯ ನಾಣ್ಯದಿಂದ ಆ ಸತ್ಯ ಬಹುಕಾಲದ ಮೇಲೆ ಬಯಲಾಗುತ್ತದೆ. ಕುರುಹಿನಿಂದ ಗುರುತು ಹತ್ತುವ ಈ ತಂತ್ರ ಶಕುಂತಲೆಯ ಉಂಗುರದಷ್ಟು ಹಳೆಯದು. ಕಚೇರಿಯ ಯಾವ ಪ್ರಶ್ನೆಗೂ ಉತ್ತರವಾಗಿ ಇದು ಬಂದಿರಲಾರದು. ಕೊಲೆಗಾರನ ಲೆಕ್ಕಪುಸ್ತಕಕ್ಕೆ ಪಾಪಪ್ರಜ್ಞೆಯನ್ನು ಕೂಡಿಸಬೇಕಾಗಿದ್ದುದು ಕಾದಂಬರಿಕಾರನಿಗೆ.

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಟೇಲರನ ಇಂಗ್ಲಿಷು ಉದ್ದೇಶಪೂರ್ವಕವಾಗಿ ಅನುವಾದದಂತೆ ಕಾಣುತ್ತದೆ. ಹಿಂದೂಸ್ತಾನಿಯ ಸಂಬೋಧನೆ, ಆಣೆ, ಉಪಚಾರದ ಮಾತು, ಅತಿಶಯೋಕ್ತಿಗಳು ಅಕ್ಷರಶಃ ಇಂಗ್ಲಿಷಿಗೆ ಇಳಿದಿವೆ, ಹಲವು ದೇಶೀಯ ಶಬ್ದಗಳು ಹಾಗೆಯೇ ಉಳಿದಿವೆ. ಮಾತು ತುಸು ವಿಚಿತ್ರವಾಗಿ ಕೇಳಿಸುವುದರಿಂದಲೇ ಓದುಗನು ಇದು ಬೇರೊಬ್ಬನ ನಿಜವಾದ ಮಾತೆಂದು ನಂಬುತ್ತಾನೆ. ಗಮನಿಸಬೇಕಾದ ಅಂಶವೆಂದರೆ ಈ ಅನುವಾದಿತ ಧ್ವನಿ ಒಂದೇ ಬಣ್ಣದ್ದು. ಗುಂಪುಗಳು ಬೀದರ, ಹೈದರಾಬಾದುಗಳನ್ನು ಹಾದುಹೋಗುತ್ತವೆ. ಚಾರ್ ಮಿನಾರಿನ ಸುತ್ತಲಿನ ಜನಜಂಗುಳಿಯ ವರ್ಣನೆ ಇಂದಿಗೂ ಓದಿಸಿಕೊಳ್ಳುತ್ತದೆ. ಆದರೆ ಆ ದಾರಿಯುದ್ದಕ್ಕೂ ಕನ್ನಡ, ಮರಾಠಿ, ತೆಲುಗುಗಳನ್ನು ಆಡುವ ಜನರು ಇದ್ದರೆಂಬುದು ಮಾತಿನಲ್ಲಿ ಕೇಳಿಸುವುದಿಲ್ಲ. ಎಲ್ಲರೂ ದರ್ಬಾರಿನ ಹಿಂದೂಸ್ತಾನಿಯ ಇಂಗ್ಲಿಷ್ ನೆರಳಿನಲ್ಲಿಯೇ ಮಾತನಾಡುತ್ತಾರೆ. ದಫ್ತರದಲ್ಲಿ ಆದದ್ದೇ ಕಾದಂಬರಿಯಲ್ಲಿಯೂ ಆಗಿದೆ.

ಟೇಲರನು ಸುರಪುರಕ್ಕೆ ಬಂದದ್ದು ಕಾದಂಬರಿ ಪ್ರಕಟವಾಗಿ ಅವನು ಪ್ರಸಿದ್ಧನಾಗಿ ಹಿಂದಿರುಗಿದ ಮೇಲೆ. ರಾಜ ಕೃಷ್ಣಪ್ಪ ನಾಯಕನ ಮರಣಾನಂತರ ಬಾಲಕ ವೆಂಕಟಪ್ಪ ನಾಯಕನ ಪರವಾಗಿ, ರಾಣಿ ಈಶ್ವರಮ್ಮನ ವಿರೋಧದ ನಡುವೆ, ಅವನು 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡನು. ಬಾಲರಾಜನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನೆಂಬುದು ಎಲ್ಲರೂ ಉದ್ಧರಿಸುವ ಸಂಗತಿ. ಇದರ ಆಧಾರ ಟೇಲರನ ಆತ್ಮಕಥೆಯೇ. 1876ರಲ್ಲಿ ಅವನು ತೀರಿಕೊಂಡ ಮರುವರ್ಷ, ಮಗಳ ಸಂಪಾದಕತ್ವದಲ್ಲಿ, 'ಸ್ಟೋರಿ ಆಫ್ ಮೈ ಲೈಫ್' ಹೊರಬಂದಿತು. ಸುರಪುರದ ಚರಿತ್ರೆಯನ್ನು ಬರೆಯುವವರಿಗೆ ಅದು ಅನಿವಾರ್ಯ ಆಕರ. ಅದೊಂದು ಕಾದಂಬರಿಕಾರನ ಕೃತಿಯೆಂಬುದನ್ನು ಮಾತ್ರ ಮರೆಯಲಾಗದು.

ಒಂದು ನಿದರ್ಶನ ಸಾಕು. ರಾಜನು ತನ್ನ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಅವನ ಜಾತಕದಲ್ಲಿದೆಯೆಂಬುದನ್ನು ಟೇಲರನಿಗೆ ಶಾಸ್ತ್ರಿಯೊಬ್ಬನು ಗುಟ್ಟಾಗಿ ತಿಳಿಸುತ್ತಾನೆ. ವರ್ಷಗಳು ಉರುಳುತ್ತವೆ. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ದಂಡು ಬರುತ್ತದೆ. ರಾಜನು ತಪ್ಪಿಸಿಕೊಂಡು ಹೈದರಾಬಾದಿಗೆ ಹೋಗಿ ಅಲ್ಲಿ ಸಿಕ್ಕಿಬೀಳುತ್ತಾನೆ. ಮಂತ್ರಿ ಸಾಲಾರ ಜಂಗನು ಅವನನ್ನು ರೆಸಿಡೆಂಟನಿಗೆ ಒಪ್ಪಿಸುತ್ತಾನೆ. ಸೆರೆಯಲ್ಲಿದ್ದ ರಾಜನನ್ನು ಟೇಲರನು ಹೋಗಿ ಕಾಣುತ್ತಾನೆ. ಮರಣದಂಡನೆ ಮೊದಲು ದ್ವೀಪಾಂತರವಾಸಕ್ಕೂ ಬಳಿಕ ನಾಲ್ಕು ವರ್ಷದ ಸೆರೆಗೂ ಇಳಿಯುತ್ತದೆ. ಮದರಾಸಿನ ಬಳಿಯ ಚೆಂಗಲಪಟ್ಟಿನತ್ತ ಒಯ್ಯುವ ದಾರಿಯಲ್ಲಿ, ಮೊದಲ ಬೀಡಿನಲ್ಲಿಯೇ, ಕಾವಲು ಅಧಿಕಾರಿಯ ಪಿಸ್ತೂಲಿನಿಂದ ಅವನ ಪ್ರಾಣ ಹೋಗುತ್ತದೆ. ಜಾತಕದ ಮಾತು ನಿಜವಾಯಿತು ಎನ್ನುವಲ್ಲಿಗೆ ಟೇಲರನ ಕಥನ ಬಂದು ಮುಟ್ಟುತ್ತದೆ. ಆರಂಭದಲ್ಲಿ ಒಂದು ಗುಪ್ತ ಬರೆಹ, ಕೊನೆಯಲ್ಲಿ ಅದರ ನೆರವೇರಿಕೆ: ಇದು ಕಾದಂಬರಿಯ ಕಟ್ಟಡ. ಟೇಲರನು ಸುಳ್ಳು ಹೇಳಿದನೆಂದು ಇದರ ಅರ್ಥವಲ್ಲ. ಆದರೆ ರಾಜನ ಮರಣವನ್ನು ಅವನು ಕಣ್ಣಾರೆ ಕಂಡಿಲ್ಲ. ಆ ಸಾವು ಆತ್ಮಹತ್ಯೆಯೋ ಕೊಲೆಯೋ ಎಂಬ ಸಂಶಯ ಸುರಪುರ ಸೀಮೆಯಲ್ಲಿ ಇಂದಿಗೂ ಇದೆ. ಜಾತಕದ ಕಥೆಯನ್ನು ಒಪ್ಪಿಕೊಂಡ ಓದುಗನು, ವಿಧಿಯೇ ಎಲ್ಲವನ್ನೂ ನಡೆಸಿತೆಂಬ ಭಾವದಲ್ಲಿ, ಕಾವಲಿನಲ್ಲಿದ್ದ ಕೈದಿಯ ಕೈಗೆ ಪಿಸ್ತೂಲು ಹೇಗೆ ಸಿಕ್ಕಿತೆಂಬ ಪ್ರಶ್ನೆಯನ್ನು ಕೇಳುವುದನ್ನೇ ಬಿಟ್ಟುಬಿಡುತ್ತಾನೆ. ಕಥನರೂಪವು ಚರಿತ್ರೆಯ ಮೇಲೆ ಮಾಡುವ ಪರಿಣಾಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪ್ರದೇಶದಲ್ಲಿ ದೊರೆಯುವುದು ಕಷ್ಟ.

ಇಂಗ್ಲಿಷಿನ ಇನ್ನೊಂದು ಪ್ರಸಿದ್ಧ ದಾಖಲೆ ಕಾದಂಬರಿಯೂ ಕನ್ನಡ ನೆಲದಿಂದಲೇ ಹೊರಡುತ್ತದೆ. ವಿಲ್ಕಿ ಕಾಲಿನ್ಸನ 'ದ ಮೂನ್‌ಸ್ಟೋನ್' (1868) ತೆರೆಯುವುದು ಒಂದು ಕುಟುಂಬದ ಹಳೆಯ ಕಾಗದದಿಂದ. ಅದರ ವಿಷಯ 1799ರ ಶ್ರೀರಂಗಪಟ್ಟಣದ ಮುತ್ತಿಗೆ, ಟಿಪ್ಪುವಿನ ಆಯುಧಾಗಾರದಲ್ಲಿ ನಡೆದ ಕೊಲೆ ಮತ್ತು ವಜ್ರದ ಲೂಟಿ. ಅನಂತರ ಬೇರೆಬೇರೆ ಸಾಕ್ಷಿಗಳು ತಾವು ಕಂಡಷ್ಟನ್ನು ಬರೆದುಕೊಡುತ್ತಾರೆ. ಕಾಲಿನ್ಸ್ ವಕೀಲಿ ಓದಿದವನು. ನ್ಯಾಯಾಲಯದ ಸಾಕ್ಷ್ಯದ ಕ್ರಮವನ್ನು ತಿಳಿದೇ ಬಳಸಿದ್ದಾನೆ. ಕಾಗದವು ಶ್ರೀರಂಗಪಟ್ಟಣದ ವಿಷಯವನ್ನು ಹೇಳುತ್ತದೆ, ಆದರೆ ಅದನ್ನು ಬರೆದವನು ಗೆದ್ದ ದಂಡಿನವನು. ಲೂಟಿಗೊಳಗಾದ ಊರಿನವರ ಸಾಕ್ಷ್ಯ ಆ ಕಾದಂಬರಿಯ ಸಾಕ್ಷಿಗಳ ಸಾಲಿನಲ್ಲಿಲ್ಲ.

ಅದೇ 1799ರಲ್ಲಿ ಅದೇ ಅರಮನೆಯ ಶಯನಗೃಹದಲ್ಲಿ ನಿಜವಾದ ಒಂದು ದಾಖಲೆ ಸಿಕ್ಕಿತ್ತು. ಅದು ಟಿಪ್ಪು ಸುಲ್ತಾನನು ಫಾರಸಿಯಲ್ಲಿ ತನ್ನ ಕೈಯಾರೆ ಬರೆದಿಟ್ಟ ಕನಸುಗಳ ಪುಸ್ತಕ. ಒಟ್ಟು 37 ಕನಸುಗಳು ಅದರಲ್ಲಿವೆ. ಅದನ್ನು ಕಂಡುಹಿಡಿದವನು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್. ಅವನು ಹಿಂದೆ ಹೈದರಾಬಾದಿನ ರೆಸಿಡೆಂಟನಾಗಿದ್ದವನು, ಕಾಚಿಗೂಡದ ನೆರೆಯ ರೆಸಿಡೆನ್ಸಿಯನ್ನು ಕಟ್ಟಿಸಿದ ಜೇಮ್ಸನ ಅಣ್ಣ. ಟಿಪ್ಪುವಿನ ಮುನ್ಷಿ ಹಬೀಬುಲ್ಲಾ ಆಗ ಅಲ್ಲಿದ್ದನು. ಇಂಥದೊಂದು ಪುಸ್ತಕವಿದೆಯೆಂಬುದು ಅವನಿಗೆ ಗೊತ್ತಿತ್ತು, ಆದರೆ ಅವನೂ ಅದನ್ನು ನೋಡಿರಲಿಲ್ಲವಂತೆ. ಲಿಪಿಕಾರನ ಮಧ್ಯಸ್ಥಿಕೆಯಿಲ್ಲದೆ ಬರೆದ ಅಪೂರ್ವ ದಾಖಲೆ ಇದು. 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಟಿಪ್ಪುವಿನ ಆಯ್ದ ಪತ್ರಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ ಟಿಪ್ಪುವಿನ ಮಾತು ಟಿಪ್ಪುವಿನ ವಿರುದ್ಧವೇ ಸಾಕ್ಷಿಯಾಗುವಂತೆ ಟಿಪ್ಪಣಿಗಳನ್ನು ಸೇರಿಸಿದನು.

ಗಿರೀಶ ಕಾರ್ನಾಡರ 'ಟಿಪೂ ಸುಲ್ತಾನ ಕಂಡ ಕನಸು' ಈ ಕನಸಿನ ಪುಸ್ತಕವನ್ನು ಎತ್ತಿಕೊಂಡಿತು. ಮೊದಲು ಬಿಬಿಸಿ ರೇಡಿಯೋಗಾಗಿ ಇಂಗ್ಲಿಷಿನಲ್ಲಿ ಬರೆದ ಈ ನಾಟಕ 1997ರಲ್ಲಿ ಪ್ರಸಾರವಾಯಿತು. ಪ್ರಸ್ತುತ ಲೇಖನ ಕಾದಂಬರಿಯನ್ನು ಕುರಿತದ್ದಾದರೂ ಇದನ್ನು ಬಿಡುವಂತಿಲ್ಲ. ಚೌಕಟ್ಟಿನಲ್ಲಿ ಕಾರ್ನಾಡರು ಕೂರಿಸಿರುವುದು ಇಬ್ಬರನ್ನು: ಟಿಪ್ಪುವಿನ ಚರಿತ್ರೆಕಾರ ಕಿರ್ಮಾನಿ, ಅವನಿಂದ ಮಾತು ಹೊರಡಿಸುವ ಕಾಲಿನ್ ಮೆಕೆಂಜಿ. ಟೇಲರನು ಅಳಿಸಿದ ಪ್ರಶ್ನೆಯನ್ನು ಕಾರ್ನಾಡರು ಮತ್ತೆ ರಂಗದ ಮೇಲೆ ತಂದರು. ಸೋತವರ ಕಥೆಯನ್ನು ಗೆದ್ದವರ ಅಧಿಕಾರಿಗೆ ಹೇಳುವ ಕಿರ್ಮಾನಿಯ ಇಕ್ಕಟ್ಟನ್ನು ಪ್ರೇಕ್ಷಕರು ನೇರವಾಗಿ ಕಾಣುತ್ತಾರೆ.

ಕನ್ನಡ ಗದ್ಯಕ್ಕೆ ಕಾಗದದ ಮೇಲಿನ ಅಪನಂಬಿಕೆ ಹೊಸದಲ್ಲ. 1823ರಲ್ಲಿ ಕೆಂಪುನಾರಾಯಣ ರಚಿಸಿದ 'ಮುದ್ರಾಮಂಜೂಷ'ಕ್ಕೆ ಆಧಾರವಾದ 'ಮುದ್ರಾರಾಕ್ಷಸ'ದ ಕಥೆ ತಿರುಗುವುದೇ ಒಂದು ಕಪಟ ಪತ್ರದ ಸುತ್ತ. ಬರೆದ ಅಕ್ಷರ ಶಕಟದಾಸನದು, ಒತ್ತಿದ ಮುದ್ರೆ ರಾಕ್ಷಸನದು, ಉದ್ದೇಶ ಚಾಣಕ್ಯನದು. ಹೇಳಿದವನೊಬ್ಬ, ಬರೆದವನೊಬ್ಬ, ರುಜುವಿನ ಒಡೆಯ ಮತ್ತೊಬ್ಬ ಎಂಬ ಕಚೇರಿಯ ಸತ್ಯ ಹೊಸಗಾಲದ ಕನ್ನಡ ಗದ್ಯಕಥನದ ಹೊಸ್ತಿಲಲ್ಲಿಯೇ ಇದೆ. ಮುಂದೆ ಮಾಸ್ತಿಯವರು 'ಡೂಬಾಯಿ ಪಾದ್ರಿಯ ಒಂದು ಕಾಗದ'ದಲ್ಲಿ ಪರದೇಶಿಯ ಲೇಖನಿಯನ್ನು ತಾವೇ ಹಿಡಿದರು. ಟೇಲರನು ಕೈದಿಯ ನಾಲಗೆಯನ್ನು ಎರವಲು ಪಡೆದಂತೆ ಮಾಸ್ತಿಯವರು ಪಾದ್ರಿಯ ಕೈಯನ್ನು ಎರವಲು ಪಡೆದರು, ನ್ಯಾಯ ಸರಿಹೋಯಿತೆನ್ನಬಹುದು.

ಈ ಸಾಲಿನಲ್ಲಿ ಹೆಚ್ಚು ವಿಚಾರಕ್ಕೆ ಅರ್ಹವಾದದ್ದು ಶಿವರಾಮ ಕಾರಂತರ 'ಅಳಿದ ಮೇಲೆ' (1960). ಯಶವಂತರಾಯನೆಂಬ ಪರಿಚಯಸ್ಥನು ಮುಂಬಯಿಯಲ್ಲಿ ತೀರಿಕೊಳ್ಳುತ್ತಾನೆ. ಅವನು ಬಿಟ್ಟುಹೋದ ಬರೆಹ, ಚಿತ್ರಗಳು ನಿರೂಪಕನ ಕೈ ಸೇರುತ್ತವೆ. ಯುರೋಪಿನ ಮಾದರಿಯ ಕಾದಂಬರಿಯಾಗಿದ್ದರೆ ಆ ಕಾಗದಗಳನ್ನೇ ಅನುಕ್ರಮವಾಗಿ ಮುದ್ರಿಸಿ ನಿರೂಪಕನು ಹಿಂದೆ ಸರಿಯುತ್ತಿದ್ದನು. ಕಾರಂತರ ನಿರೂಪಕನು ಹಾಗೆ ಮಾಡುವುದಿಲ್ಲ. ಕಾಗದಗಳು ಅರೆಬರೆ, ಸತ್ತವನು ಯಾರಿಗೂ ಹೇಳಿಕೆ ಕೊಡಬೇಕಾಗಿರಲಿಲ್ಲ, ಆದ್ದರಿಂದ ತನಗೆ ಬೇಕಾದಷ್ಟನ್ನೇ ಬರೆದಿದ್ದಾನೆ. ನಿರೂಪಕನು ಅವನ್ನು ಕೈಯಲ್ಲಿ ಹಿಡಿದು ಸತ್ತವನ ಊರಿಗೆ ಹೋಗುತ್ತಾನೆ, ಅವನನ್ನು ಬಲ್ಲವರನ್ನು ಕಾಣುತ್ತಾನೆ. ಒಬ್ಬೊಬ್ಬರ ನೆನಪು ಒಂದೊಂದು ಯಶವಂತನನ್ನು ಮುಂದಿಡುತ್ತದೆ. ದಾಖಲೆ ಇಲ್ಲಿ ಪ್ರಮಾಣವಲ್ಲ, ಹುಡುಕಾಟಕ್ಕೆ ಕೊಟ್ಟ ರಹದಾರಿ. ಕೇಳುವವನಿಗೆ ಅಧಿಕಾರವಿಲ್ಲ, ಇರುವುದು ಋಣವೊಂದೇ. ಸಾಹೇಬನ ಎದುರಿನ ಅಮೀರ್ ಅಲಿಗೂ ಯಶವಂತನ ಕಾಗದಗಳೆದುರಿನ ನಿರೂಪಕನಿಗೂ ಇರುವ ವ್ಯತ್ಯಾಸ ಇಲ್ಲಿದೆ.

ತೇಜಸ್ವಿಯವರ 'ಜುಗಾರಿ ಕ್ರಾಸ್'ನಲ್ಲಿ (1994) ಹಳೆಯ ಕವಿಯೊಬ್ಬನ ಹಸ್ತಪ್ರತಿ ಅರ್ಥವಾದಂತೆಯೂ ಆಗದಂತೆಯೂ ಕಥೆಯ ಜೊತೆ ಸಾಗುತ್ತದೆ. ಕೆ.ಎನ್. ಗಣೇಶಯ್ಯನವರು ಚಾರಿತ್ರಿಕ ರೋಚಕ ಕಥೆಗಳಿಗೆ ಸಂಶೋಧನ ಪ್ರಬಂಧದಂತೆ ಆಧಾರಗಳನ್ನು ಜೋಡಿಸುವುದು ಟೇಲರನ ಅಂಕಿ ಅಂಶಗಳ ಪಟ್ಟಿಯ ದೂರದ ಸಂಬಂಧಿಯೇ ಸರಿ. ಕೃಷ್ಣಮೂರ್ತಿ ಹನೂರರ 'ಅಜ್ಞಾತನೊಬ್ಬನ ಆತ್ಮಚರಿತ್ರೆ' ಇವೆರಡಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರ. ಹೈದರ್ ಮತ್ತು ಟಿಪ್ಪು ಕಾಲದವನೊಬ್ಬನು ತಾನೇ ಬರೆದಿಟ್ಟ ಬರೆಹವೆಂಬ ರೂಪದಲ್ಲಿರುವ ಈ ಕೃತಿಯು ಕೈಫಿಯತ್ತುಗಳಲ್ಲಿ ಹೆಸರಿಲ್ಲದೆ ಹೋದವನಿಗೆ ಕನ್ನಡದ ಮಾತನ್ನು ಕೊಡುತ್ತದೆ. ಅಂಥವನು ಬರೆದ ಇಂಥ ದಾಖಲೆ ನಮ್ಮ ಯಾವ ದಫ್ತರದಲ್ಲಿಯೂ ಸಿಗದೆಂಬುದೇ ಕಾದಂಬರಿಗೆ ಅವಕಾಶವಾಯಿತು.

ಮತ್ತೆ ಟೇಲರನಿಗೆ ಬರುವುದಾದರೆ, ಅವನ ಪುಸ್ತಕವನ್ನು ದಖನ್ನಿನ ಚರಿತ್ರೆಗೆ ಆಕರವಾಗಿ ಬಳಸುವ ಸಂಶೋಧಕರು ಎರಡು ಪದರಗಳನ್ನು ಬೇರ್ಪಡಿಸಿಕೊಳ್ಳುವುದು ಒಳಿತು. ದಾರಿಗಳ ಅನುಕ್ರಮ, ಬೀಡುಗಳು, ವರ್ತಕರು ಸಾಗಿಸುತ್ತಿದ್ದ ಸರಕು, ಹುಂಡಿಯ ವ್ಯವಹಾರ, ಪೇಟೆಯ ಚಿತ್ರ ಇವುಗಳಲ್ಲಿ ಆ ಪ್ರದೇಶವನ್ನು ಕುದುರೆಯ ಮೇಲೆ ಸುತ್ತಿದ ಅಧಿಕಾರಿಯ ಕಣ್ಣಿದೆ, ಅದನ್ನು ಇತರ ಆಧಾರಗಳೊಡನೆ ಹೋಲಿಸಿ ನೋಡಬಹುದು. ಅಮೀರ್ ಅಲಿಯ ದನಿ ಮಾತ್ರ ಅಮೀರ್ ಅಲಿಯದಲ್ಲ. ಅದರ ಕೆಳಗಿರುವ ಮೂಲ ಹೇಳಿಕೆಗಳನ್ನು ಠಕ್ಕರ ಇಲಾಖೆಯ ಇಂಗ್ಲಿಷ್ ಕಡತಗಳಲ್ಲಿ ಹುಡುಕಿದವರು ಹಲವರಿದ್ದಾರೆ. ಬೀದರ, ರಾಯಚೂರು, ಗುಲಬರ್ಗಾ ಸೀಮೆಗಳಲ್ಲಿ ಕೊಲೆಯಾದ ದಾರಿಹೋಕರ ಮನೆಯವರು, ಊರ ಪಟೇಲರು, ಹೆಣವನ್ನು ಕಂಡ ತಳವಾರರು ಕೊಟ್ಟ ಹೇಳಿಕೆಗಳನ್ನು ನಿಜಾಮನ ಕಡೆಯ ಫಾರಸಿ ಕಾಗದಗಳಲ್ಲಿ ಹುಡುಕಬೇಕು. ಅದಕ್ಕೆ ಫಾರಸಿಯ ಶಿಕಸ್ತ ಬರೆವಣಿಗೆಯನ್ನೂ ಮೋಡಿಯನ್ನೂ ಓದಬಲ್ಲ, ಅವುಗಳ ಹಿಂದೆ ಕನ್ನಡದ ವಾಕ್ಯ ಹೇಗಿದ್ದಿರಬಹುದೆಂದು ಕಿವಿಗೊಡಬಲ್ಲ ಅಭ್ಯಾಸಿಗಳು ಬೇಕು.